ಆರು ದಿನದ ಕೊಕ್ಕರೆಗಳನ್ನು ಕೊಂದ ಕರ್ನೆಲ್ ಅವರಿಗೆ

ಮಾನ್ಯ ಕರ್ನೆಲ್ ಮಹಾಶಯರೇ,

ಮೊದಲು ನಾನು ಯಾರೆಂದು ತಿಳಿಸುವುದು ಕ್ರಮ. ಮೂರು ಮಹಡಿಯ ಈ ಮನೆಗೂ, ಅದರ ಕೆಳಮಹಡಿಯಲ್ಲಿ ನಾಟಕಮಂದಿರಗಳಿಗೆ ಪರದೆ ಹೊಲಿಯುವ ಕಾರ್ಖಾನೆಗೂ ನಾನೇ ಹಿರಿಯಳು. ಯಜಮಾನರು ಇದ್ದಾಗಲೂ ಇಲ್ಲಿ ಕೊನೆಯ ಮಾತು ನನ್ನದೇ ಆಗಿತ್ತು. ಅವರು ಅದನ್ನು ಒಪ್ಪಿಕೊಂಡು ನೆಮ್ಮದಿಯಾಗಿ ಬಾಳಿದರು. ಇಬ್ಬರು ಮಕ್ಕಳು, ಒಬ್ಬ ಮೈದುನ, ಹಿರಿಯ ಮಗನ ಹೆಂಡತಿ ಮತ್ತು ನಾಲ್ವರು ದರ್ಜಿಗಳು ನನ್ನ ಮಾತು ಮೀರುವುದಿಲ್ಲ. ಹೈಸ್ಕೂಲು ಮುಗಿಸಿದ್ದೇನೆ, ಪ್ರಬಂಧಕ್ಕೆ ಬಹುಮಾನವನ್ನೂ ಪಡೆದಿದ್ದೇನೆ. ಆದ್ದರಿಂದ ಈ ಪತ್ರವನ್ನು ಬೇರೆಯವರು ಬರೆದುಕೊಟ್ಟರೆಂದು ದಯವಿಟ್ಟು ಭಾವಿಸಬಾರದು.

ನಮ್ಮ ಕಾರ್ಖಾನೆಯ ಕಂಪ್ಯೂಟರಿನೊಳಗೆ ತಾವು ಇಷ್ಟು ವರ್ಷಗಳಿಂದ ವಾಸವಾಗಿದ್ದರೂ ಪರಿಚಯವಾಗಿರಲಿಲ್ಲ. ಇಂಥ ಯಂತ್ರಗಳನ್ನು ದುರಸ್ತಿ ಮಾಡುವ ನನ್ನ ಎರಡನೆಯ ಮಗ ಈಗ ಪರಿಚಯ ಮಾಡಿಸಿದ್ದಾನೆ. ಕರ್ನೆಲ್ ಎಂದರೆ ಸೈನ್ಯದವರಲ್ಲ, ಯಂತ್ರದ ತಿರುಳಂತೆ; ಒಳಗೆ ಓಡುವ ಕಾರ್ಯಕ್ರಮಗಳಿಗೆಲ್ಲ ನೆನಪಿನ ಜಾಗವನ್ನು ಹಂಚಿಕೊಡುವ ಮೇಲ್ವಿಚಾರಕರು ತಾವೇ ಅಂತೆ. ಹುದ್ದೆ ದೊಡ್ಡದು, ಸಂತೋಷ.

ತಮ್ಮ ಔದಾರ್ಯವನ್ನು ಕೇಳಿ ನನಗೆ ಮೈ ಜುಮ್ಮೆಂದಿತು. ಯಾರು ಎಷ್ಟು ಜಾಗ ಕೇಳಿದರೂ ತಾವು ಇಲ್ಲವೆನ್ನುವುದು ಅಪರೂಪವಂತೆ. ಕೇಳಿದವರೆಲ್ಲ ಒಟ್ಟಿಗೆ ಬಂದು ಕೂರುವುದಿಲ್ಲವೆಂಬ ಭರವಸೆಯ ಮೇಲೆ ಇರುವುದಕ್ಕಿಂತ ಹೆಚ್ಚು ಜಾಗಕ್ಕೆ ಮಾತು ಕೊಟ್ಟುಬಿಡುತ್ತೀರಂತೆ. ಇದರಲ್ಲಿ ನಾನು ತಪ್ಪು ಹುಡುಕಲಾರೆ. ನಮ್ಮ ಮೇಲಿನ ಕೋಣೆಯನ್ನು ನಾನೂ ನಾದಿನಿಗೆ, ಸೋದರಳಿಯನಿಗೆ ಮತ್ತು ನಿವೃತ್ತಿಯ ಅಂಚಿನಲ್ಲಿರುವ ಹಿರಿಯ ದರ್ಜಿಗೆ, ಒಬ್ಬರದು ಇನ್ನೊಬ್ಬರಿಗೆ ತಿಳಿಯದ ಹಾಗೆ, ಕೊಡುತ್ತೇನೆಂದು ಹೇಳಿಟ್ಟಿದ್ದೇನೆ. ಆದರೆ ಮೂವರೂ ಒಂದೇ ದಿನ ಹಾಸಿಗೆ ಸುತ್ತಿಕೊಂಡು ಬಂದರೆ ನಾನು ನಡುಮನೆಯಲ್ಲಿ ಕೂರಿಸಿ, ನೀರು ಕೊಟ್ಟು, ಕ್ಷಮೆ ಕೇಳುತ್ತೇನೆಯೇ ಹೊರತು, ಅವರಲ್ಲಿ ಹೆಚ್ಚು ತೂಕದವರು ಯಾರೆಂದು ನೋಡಿ ಮಹಡಿಯಿಂದ ಕೆಳಗೆ ತಳ್ಳುವುದಿಲ್ಲ. (ನಾದಿನಿ ಈ ಪತ್ರ ಓದುವುದಿಲ್ಲವೆಂದು ನಂಬಿದ್ದೇನೆ.)

ತಾವು ಮಾಡಿದ್ದು ಅದನ್ನೇ.

ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಕಾಲು ಗಂಟೆ ಇದ್ದಾಗ ತಮ್ಮ ಆಶ್ರಯದಲ್ಲಿ ಇದ್ದವರ ವಿವರ ಹೀಗಿದೆ. (ಮಾನಿಟರು ಮಹಡಿಗೊಂದಿದ್ದರೂ ಎಲ್ಲವೂ ಈ ಒಂದೇ ಯಂತ್ರಕ್ಕೆ ಸೇರಿದ್ದು.) ಮೈದುನನ ಚದುರಂಗದ ಆಟ. ಎದುರಾಳಿ ಆರು ವಾರದಿಂದ ಕಾಯಿ ನಡೆಸಿಲ್ಲ, ಯೋಚಿಸುತ್ತಿರಬೇಕೆಂದು ಮೈದುನನ ನಂಬಿಕೆ. ಹಿರಿಯ ಮಗ ತೆರೆದಿಟ್ಟ ಇಂಟರ್ನೆಟ್ಟಿನ ಅರವತ್ತೊಂದು ಪುಟಗಳು. ಅರ್ಧ ಬೆನ್ನುನೋವಿನ ಬಗ್ಗೆ, ಉಳಿದರ್ಧ ಕುರ್ಚಿಗಳ ಬಗ್ಗೆ. ದರ್ಜಿಗಳು ಹಚ್ಚಿಟ್ಟ ಹಾಡುಗಳು. ನಾಲ್ಕು ಸಾವಿರ ಚಿತ್ರಗಳಿರುವ ಕುಟುಂಬದ ಆಲ್ಬಂ, ಅದು ಯಾರದೋ ಇರಲಿ. ಇವುಗಳ ನಡುವೆ ನನ್ನ ಸೊಸೆಯ ವಿನ್ಯಾಸ: ನಲವತ್ತು ಅಡಿ ಅಗಲದ ಪರದೆಯ ಮೇಲೆ ಮುನ್ನೂರು ಕೊಕ್ಕರೆಗಳು ಒಂದೇ ಸಲ ಮೇಲೇಳುವ ದೃಶ್ಯ. ಕಸೂತಿ ಯಂತ್ರಕ್ಕೆ ತಿಳಿಯುವಂತೆ ಒಂದೊಂದು ಗರಿಗೂ ದಾರದ ದಿಕ್ಕು ಹೇಳುತ್ತಾ ಅವಳು ಆರು ದಿನ ಕೆಳಗಿನ ಮಾನಿಟರಿನ ಮುಂದಿನ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಹತ್ತೊಂಬತ್ತು ದಿನಗಳಲ್ಲಿ ಹೊಸ ನಾಟಕಮಂದಿರ ಆ ಪರದೆಯನ್ನೇರಿಸಿ ಬಾಗಿಲು ತೆರೆಯಬೇಕು. ಈ ಮನೆಯಲ್ಲಿ ಬೇರೆ ಯಾರಿಗೂ ಕೊಕ್ಕರೆ ಇರಲಿ, ಕಾಗೆ ಬರೆಯಲೂ ಬಾರದು.

ಜಾಗ ಮುಗಿಯುತ್ತಾ ಬಂದಾಗ ತಾವು ಸಾಮಾನುಗಳನ್ನು ಡಿಸ್ಕಿನ ಅಟ್ಟಕ್ಕೆ ಸಾಗಿಸಿ ಒಂದು ಗಂಟೆ ಹೆಣಗಿದಿರಂತೆ. ಯಂತ್ರ ಆಮೆಯಾದದ್ದು ಅದಕ್ಕೇ. ಅಟ್ಟವೂ ತುಂಬಿದ ಮೇಲೆ ಪ್ರತಿಯೊಬ್ಬರಿಗೂ ಅಂಕ ಹಾಕಿದಿರಿ, ಹೆಚ್ಚು ಜಾಗ ಹಿಡಿದು ದಪ್ಪಗಿರುವವರಿಗೆ ಹೆಚ್ಚು ಅಂಕ, ಹೆಚ್ಚು ಅಂಕದವರಿಗೆ ಮೊದಲ ಸಾವು. ಕೆಲಸ ಮಾಡುವವರೇ ದಪ್ಪಗಿರುತ್ತಾರೆ, ಸುಮ್ಮನೆ ಕೂತವರು ತೆಳ್ಳಗಿರುತ್ತಾರೆ ಎಂಬ ಲೋಕದಲ್ಲಿ ಎಲ್ಲೂ ಕಾಣದ ನಿಯಮ ತಮ್ಮಲ್ಲಿದೆ. ಮೊದಲ ಸ್ಥಾನ ಪಡೆದ ಸೊಸೆಯ ಕೊಕ್ಕರೆಗಳನ್ನು ಎಚ್ಚರಿಕೆಯಿಲ್ಲದೆ, ಕೊನೆಯ ಮಾತಿಗೂ ಅವಕಾಶವಿಲ್ಲದೆ, ಒಂದೇ ಏಟಿಗೆ ಮುಗಿಸಿದಿರಿ. ಎಷ್ಟು ಶುಚಿಯಾದ ಕೆಲಸ! ಚದುರಂಗದ ಒಂದು ಕಾಲಾಳೂ ಅಲುಗಲಿಲ್ಲ, ಹಾಡು ನಡುವೆ ತಡವರಿಸಲಿಲ್ಲ. ಇನ್ನು ಮುಂದೆ ಮೂರು ದಿನ ಮೊದಲೇ ಲಿಖಿತ ನೋಟಿಸು ಕೊಡಬೇಕೆಂದೂ, ಕೊಂದ ಮೇಲೆ ಮನೆಯವರನ್ನು ಕಂಡು ಸಾಂತ್ವನ ಹೇಳಬೇಕೆಂದೂ, ರೆಕ್ಕೆ ಪೂರ್ತಿಯಾಗಿದ್ದ ನೂರ ಎಂಬತ್ತು ಕೊಕ್ಕರೆಗಳನ್ನಾದರೂ ಹಿಂದಿರುಗಿಸಬೇಕೆಂದೂ ಕೋರುತ್ತೇನೆ. ಅವು ಹಾರಿ ಬಂದರೂ ನಮ್ಮ ಅಭ್ಯಂತರವಿಲ್ಲ.

ಸೊಸೆ ಅಳಲಿಲ್ಲ. ಅಳತೆಯ ಟೇಪನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಆಗಾಗ ಸೇವ್ ಮಾಡಿ ಉಳಿಸಿಟ್ಟುಕೊಳ್ಳಬಾರದಿತ್ತೇ ಎಂದು ಅವಳ ಗಂಡ ಗದರಿದಾಗ ನನ್ನ ಕಡೆ ತಿರುಗಿದಳು. “ಅರ್ಧ ಕೆಲಸ ಕಪಾಟಿಗೆ ಹೋಗಬಾರದು ಅಂತ ನೀವೇ ಹೇಳಿದ್ರಲ್ಲ ಅತ್ತೆ. ಅದಕ್ಕೇ ಉಳಿಸಿರಲಿಲ್ಲ. ಇನ್ನು ನನ್ನ ಕೈಲಿ ಆಗಲ್ಲ, ಬೇರೆಯವರನ್ನ ನೋಡ್ಕೊಳ್ಳಿ,” ಎಂದು ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ನಿಯಮ ನನ್ನದೇ, ಒಪ್ಪುತ್ತೇನೆ. ಅರ್ಧ ಹೊಲಿದ ಮಖಮಲ್ಲನ್ನು ಮಡಿಸಿ ಕಪಾಟಿನಲ್ಲಿಟ್ಟರೆ ಬಿದ್ದ ಮಡಿಕೆ ಜನ್ಮದಲ್ಲಿ ಹೋಗುವುದಿಲ್ಲ. ಹಾಗೆಂದೇ ಮುಗಿಯುವವರೆಗೆ ಬಟ್ಟೆ ಮೇಜಿನ ಮೇಲೇ ಇರಬೇಕೆಂದು ಮೂವತ್ತು ವರ್ಷದ ಕೆಳಗೆ ಆಜ್ಞೆ ಮಾಡಿದ್ದೆ. ಕಂಪ್ಯೂಟರಿಗೂ ಮಡಿಕೆ ಬೀಳುತ್ತದೆಂದು ನಾನು ಹೇಳಿರಲಿಲ್ಲ. ಬೀಳುವುದಿಲ್ಲವೆಂದೂ ಹೇಳಿರಲಿಲ್ಲ. ಈ ಮನೆಯಲ್ಲಿ ನನ್ನ ಮಾತನ್ನು ಎಲ್ಲಿಯವರೆಗೆ ಪಾಲಿಸಬೇಕೆಂದು ಕೇಳುವ ಧೈರ್ಯವನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಶುಕ್ರವಾರ ಎರಡನೆಯ ಮಗ ಬಂದು ತಮ್ಮ ದಿನಚರಿಯನ್ನು ತೆರೆದ. ತಾವು ಕೊಂದದ್ದನ್ನು ಬರೆದಿಡುವಷ್ಟು ಪ್ರಾಮಾಣಿಕರು. ಕೊಲ್ಲಲು ಕರೆದವರು ಯಾರೆಂಬುದನ್ನೂ, ಅಂದರೆ ಕೊನೆಯ ತುಣುಕು ಜಾಗ ಕೇಳಿ ತಮ್ಮನ್ನು ಎಬ್ಬಿಸಿದವರು ಯಾರೆಂಬುದನ್ನೂ, ಅದರ ಮೇಲಿನ ಸಾಲಿನಲ್ಲೇ ಬರೆಯುತ್ತೀರಿ. ಮಗ ಓದಿದ, ಮತ್ತೆ ಓದಿದ. “ಅಮ್ಮ, ಕರೆದಿದ್ದು ನಿಮ್ಮ ಆಲ್ಬಂ,” ಎಂದ. ದರ್ಜಿಗಳು ನಾಲ್ವರೂ ಒಮ್ಮೆಗೇ ಸೂಜಿಗೆ ದಾರ ಪೋಣಿಸತೊಡಗಿದರು.

ನಿಜ. ಆ ಹೊತ್ತಿಗೆ ನಾನು ಹಳೆಯ ಚಿತ್ರವೊಂದರಲ್ಲಿ ನಾದಿನಿಯ ಕೈಯಲ್ಲಿರುವುದು ನನ್ನ ಬಳೆಯೋ ಅವಳದೋ ಎಂದು ಪತ್ತೆ ಮಾಡುತ್ತಿದ್ದೆ. ಹಿಗ್ಗಿಸುತ್ತಾ ಹೋದಂತೆ ಬಳೆ ಬಂಡಿಯ ಚಕ್ರದಷ್ಟಾಯಿತು. ಇನ್ನೊಂದು ಸಲ ಒತ್ತಿದೆ, ತಾವು ಎದ್ದು ಬಂದಿರಿ. ಬಳೆ ಅವಳದೇ ಆಗಿತ್ತು. ಆ ಸಾಲಿನಿಂದ ಆಲ್ಬಮ್ಮಿನ ಹೆಸರನ್ನು ಅಳಿಸಿ ಚದುರಂಗದ ಹೆಸರು ಬರೆಯಲು ಸಾಧ್ಯವೇ ಎಂದು ತಮ್ಮನ್ನು ಕೇಳಬೇಕೆಂದಿದ್ದೆ. ಮೈದುನನ ಅಭ್ಯಂತರ ಇರುತ್ತಿರಲಿಲ್ಲ, ಅವನಿಗೆ ತಿಳಿಸುತ್ತಿರಲಿಲ್ಲ. ಆದರೆ ಸಂಜೆಯೊಳಗೆ ಅದನ್ನು ಮನೆಯವರೆಲ್ಲ ಓದಿಯಾಗಿತ್ತು.

ಶನಿವಾರ ಬೆಳಿಗ್ಗೆ ಸೊಸೆಯ ಬಾಗಿಲಿನ ಮುಂದೆ ನಿಂತೆ. ಹದಿನಾಲ್ಕು ವರ್ಷದಲ್ಲಿ ಅವಳೇ ನನ್ನ ಬಾಗಿಲಿಗೆ ಬಂದದ್ದುಂಟು, ನಾನು ಅವಳ ಬಾಗಿಲಿಗೆ ಹೋದದ್ದಿಲ್ಲ. ಕಪಾಟಿನ ಮಾತು ಬಟ್ಟೆಗೆ ಹೇಳಿದ್ದು, ಅದನ್ನು ಬಿಡಿಸಿ ಹೇಳದಿದ್ದದ್ದು ನನ್ನ ತಪ್ಪು, ನಿನ್ನದಲ್ಲ ಎಂದೆ. ಒಳಗಿನಿಂದ “ಮತ್ತೆ ಆ ಆಲ್ಬಂ?” ಎಂದು ಕೇಳಿದಳು. ಈ ಮನೆಯಲ್ಲಿ ನನ್ನನ್ನು ಯಾರಾದರೂ ಲೆಕ್ಕ ಕೇಳಿದ್ದು ಅದೇ ಮೊದಲು. ಧ್ವನಿ ಚೆನ್ನಾಗಿತ್ತು, ನನ್ನದೇ ಧ್ವನಿಯಂತಿತ್ತು.

ಆದ್ದರಿಂದ ತಮಗೆ ತಿಳಿಯಪಡಿಸುವುದೇನೆಂದರೆ, ತಮ್ಮ ಅಂಕಪಟ್ಟಿಯನ್ನು ಹೊರಗಿನಿಂದ ತಿದ್ದಬಹುದೆಂದು ಮಗ ಹೇಳಿದ, ಅಂದೇ ಹತ್ತು ಗಂಟೆಗೆ ಎಲ್ಲರ ಎದುರಿಗೆ ತಿದ್ದಿಸಿದೆ. ಸೊಸೆಯ ವಿನ್ಯಾಸಕ್ಕೆ ಸಾವಿರ ಅಂಕ ಕಡಿತ. ಅದನ್ನು ಇನ್ನು ತಾವು ಮುಟ್ಟುವಂತಿಲ್ಲ. ಯಾರ ಅಂಕ ಏರಿಸಬೇಕೆಂಬ ಮಾತಿನಲ್ಲಿ ಹಿರಿಯ ಮಗನ ಪುಟಗಳ ಸರದಿ ಬಂದಾಗ ಬೇಡ ಎಂದೆ, ಮೈದುನನ ಆಟಕ್ಕೂ ಬೇಡ ಎಂದೆ. ಕುಟುಂಬದ ಆಲ್ಬಮ್ಮಿಗೆ ಸಾವಿರ ಅಂಕ ಸೇರಿಸು, ಯಾವಾಗ ತೆರೆದರೂ ಆ ಅಂಕ ಜೊತೆಗೇ ಬರುವ ಹಾಗೆ ಮಾಡು ಎಂದೆ. ಮಗ ಕೈ ತಡೆದು ನನ್ನ ಮುಖ ನೋಡಿದ. “ಬರಿ. ಮೊದಲು ಹೋಗೋದು ನಂದೇ ಇರಲಿ,” ಎಂದೆ. ಬರೆದ. ಕೆಳಗಿಳಿದು ಬಂದಿದ್ದ ಸೊಸೆ ಟೇಪನ್ನು ಕೊರಳಿಗೆ ಹಾಕಿಕೊಂಡು ಕೂತು, ಮೊದಲ ಕೊಕ್ಕರೆಯ ಒಂದು ರೆಕ್ಕೆ ಮುಗಿಯುತ್ತಲೇ ಉಳಿಸಿದಳು.

ಗುರುವಾರದವರೆಗೆ ತಮ್ಮ ವಿಶ್ವಾಸಿಯಾಗಿದ್ದ,
ಪರದೆ ಕಾರ್ಖಾನೆಯ ಹಿರಿಯಳು

ತಾ.ಕ.: ಸಾವಿರ ಅಂಕವನ್ನು ತಮ್ಮ ಹೆಸರಿನ ಮುಂದೆಯೂ ಬರೆಯಬಹುದೇ ಎಂದು ಮಗನನ್ನು ಕೇಳಿದೆ. ಎಲ್ಲರಿಗೂ ಅಂಕ ಹಾಕುವ ತಮಗೆ ಮಾತ್ರ ಅಂಕವೇ ಇಲ್ಲವಂತೆ. ನನಗೂ ಶನಿವಾರದವರೆಗೆ ಇರಲಿಲ್ಲ.