ಗೇರ್ ಹೊತ್ತುಕೊಂಡು ಬಿಸಿನೆಸ್ ಕ್ಲಾಸಿನಲ್ಲಿ

ಕಂಪನಿ ಕೆಲಸದ ಮೇಲೆ ನಾನು ಊರು ಬಿಟ್ಟು ಹೊರಟೆ ಅಂದ್ರೆ ಏನಾದರೊಂದು ಆಗದೆ ವಾಪಸ್ ಬಂದದ್ದೇ ಇಲ್ಲ. ಹೊಸೂರಿಗೆ ಹೋದಾಗ ಚಪ್ಪಲಿ ಕಿತ್ತುಹೋಗಿ, ಅವರ ಕಾರ್ಖಾನೆಯ ಸೇಫ್ಟಿ ಬೂಟು ಹಾಕ್ಕೊಂಡು ಮನೆಗೆ ಬಂದಿದ್ದೆ. ತುಮಕೂರಿನಲ್ಲಿ ಗ್ರಾಹಕರ ಮಗಳ ಮದುವೆ ಅಂತ ಹೋಗಿ, ಪಕ್ಕದ ಛತ್ರದಲ್ಲಿ ಹೋಳಿಗೆ ಊಟ ಮುಗಿಸಿ, ಗೊತ್ತಿಲ್ಲದ ಗಂಡು-ಹೆಣ್ಣಿಗೆ ಅಕ್ಷತೆ ಹಾಕಿ ಬಂದಿದ್ದೆ. ಬೆಳಗಾವಿಗೆ ವಿಮಾನದಲ್ಲಿ ಹೋದ ದಿನ ಮಾತ್ರ ಎಲ್ಲ ಒಂದೇ ದಿನಕ್ಕೆ ಆಗಿಹೋಯ್ತು.

ನಾನು ಪೀಣ್ಯದ ಒಂದು ಸಣ್ಣ ಗೇರ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ವಾಲಿಟಿ ನೋಡ್ತಿದ್ದೀನಿ. ತಯಾರಾದ ಗೇರ್‌ನ ಹಲ್ಲುಗಳನ್ನ ಅಳೆದು, ಸರಿ ಇದ್ದರೆ ಕಳಿಸೋದು, ಇಲ್ಲದಿದ್ದರೆ ಬೈಯೋದು, ಇಷ್ಟೇ ನನ್ನ ಕೆಲಸ.

ಕ್ಲಾಸಿಗೆ ನಾ ಬರೂದಿಲ್ರಿ

ಆವತ್ತು ಬೆಳಿಗ್ಗೆ ಎಂಟೂವರೆಗೆ ಬೆಳಗಾವಿಯಿಂದ ಫೋನ್. ನಮ್ಮ ಅತಿ ದೊಡ್ಡ ಗ್ರಾಹಕರ ಕಾರ್ಖಾನೆಯಲ್ಲಿ ಮುಖ್ಯವಾದ ಮಷಿನ್ ನಿಂತುಹೋಗಿದೆ. ಒಂದು ವಾರದಿಂದ ಅದರ ಗೇರ್ ಸದ್ದು ಮಾಡ್ತಿತ್ತು, ಅದಕ್ಕೇ ಹೊಸದೊಂದನ್ನ ನಮ್ಮ ಹತ್ರ ಮಾಡಿಸಿದ್ದರು. ಅದು ಇನ್ನೂ ನನ್ನ ಮೇಜಿನ ಮೇಲಿತ್ತು. "ಇವತ್ತು ಸಂಜೆಯೊಳಗೆ ಮಷಿನ್ ತಿರುಗದಿದ್ದರೆ ಮುಂದಿನ ವರ್ಷದ ಆರ್ಡರ್ ಬೇರೆಯವರಿಗೆ" ಅಂತ ಅಲ್ಲಿನ ಮ್ಯಾನೇಜರ್ ಹೇಳಿ ಫೋನ್ ಇಟ್ಟುಬಿಟ್ಟರು. ಆ ಆರ್ಡರ್ ಹೋದರೆ ನಮ್ಮಲ್ಲಿ ಅರ್ಧ ಜನಕ್ಕೆ ಕೆಲಸ ಇರಲ್ಲ.

ನಮ್ಮ ಮಾಲೀಕರು ಕಂಪ್ಯೂಟರ್ ಮುಂದೆ ಕೂತು ವಿಮಾನ ಹುಡುಕಿದರು. ಮಧ್ಯಾಹ್ನ ಹನ್ನೆರಡೂವರೆಗೆ ಒಂದು ಪುಟ್ಟ ಜೆಟ್ ಇತ್ತು. ಉಳಿದಿದ್ದು ಎರಡೇ ಸೀಟು. ಮಾಲೀಕರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕ್ಕೊಂಡು ನೋಡಿದರು. ಆಮೇಲೆ ಯಾರೋ ತೀರಿಕೊಂಡ ಸುದ್ದಿ ಹೇಳುವ ದನಿಯಲ್ಲಿ, "ಎರಡೂ ಬಿಸಿನೆಸ್ ಕ್ಲಾಸ್" ಅಂದರು.

ಗೇರ್ ಕೂರಿಸೋಕೆ ನಮ್ಮ ಫಿಟ್ಟರ್ ಅಣ್ಣ, ಅಳತೆ ನೋಡೋಕೆ ನಾನು ಅಂತ ತೀರ್ಮಾನವಾಯ್ತು. ಫಿಟ್ಟರ್ ಅಣ್ಣ ಗೋಕಾಕ್ ಕಡೆಯವರು, ಮೂವತ್ತು ವರ್ಷದಿಂದ ಪೀಣ್ಯದಲ್ಲಿದ್ದರೂ ಮಾತು ಒಂದಿಷ್ಟೂ ಬದಲಾಗಿಲ್ಲ. ಅವರು ಕೈ ಅಡ್ಡ ಆಡಿಸಿ ಹೇಳಿದರು: "ಬಿಸಿನೆಸ್ ಮಾಡವ್ರು ನೀವು, ಸಾಹೇಬ್ರ. ಕ್ಲಾಸಿಗೆ ನೀವ ಹೋಗ್ರಿ. ನಾ ಏಳನೇತ್ತಾ ಫೇಲು, ಈ ವಯಸ್ಸಿನ್ಯಾಗ ನಂಗ್ಯಾಕ ಕ್ಲಾಸು?"

"ಪಾಠ ಅಲ್ಲ ಕಣಪ್ಪಾ, ಸೀಟು! ಬೇರೆ ಸೀಟಿಗಿಂತ ಅಗಲವಾದ ಸೀಟು!" ಅಂದರು ಮಾಲೀಕರು.

ಅಣ್ಣ ತಮ್ಮನ್ನ ಮೇಲಿಂದ ಕೆಳಗೆ ಒಮ್ಮೆ ನೋಡಿಕೊಂಡರು. "ನಾ ಅಷ್ಟ ದಪ್ಪ ಅದೀನೇನ್ರಿ?"

ಟವೆಲ್

ನನಗೆ ಅದೇ ಮೊದಲ ವಿಮಾನ. ಜಾಲಹಳ್ಳಿಯ ನಮ್ಮ ಮನೆಯ ಮೇಲೆ ದಿನಾ ಹಾರೋದನ್ನ ನೋಡಿದ್ದೀನಿ, ಸದ್ದಿಗೆ ಬೈದೂ ಇದ್ದೀನಿ. ಅಷ್ಟೇ. ಈಗ ಬಟ್ಟೆ ಬದಲಾಯಿಸೋಕೆ ಮನೆಗೆ ಓಡಿದೆ. ಮದುವೆಗೆ ಉಡುವ ಮೈಸೂರು ಸಿಲ್ಕ್ ಉಟ್ಟೆ. ಮೂರು ಸಲ ನೆರಿಗೆ ಬಿಚ್ಚಿಹೋಯ್ತು.

ನಮ್ಮತ್ತೆ ಬಾಗಿಲಲ್ಲಿ ನಿಂತು ನನಗಿಂತ ಜಾಸ್ತಿ ಸಂಭ್ರಮದಲ್ಲಿದ್ದರು. "ಕಿಟಕಿ ಪಕ್ಕ ಸೀಟು ಸಿಗುತ್ತೇನೇ?"

"ನಂಬರ್ ಕೊಟ್ಟಿದ್ದಾರೆ ಅತ್ತೆ."

"ನಂಬರೆಲ್ಲ ಯಾರು ನೋಡ್ತಾರೆ? ವಿಮಾನ ಬಂದು ನಿಲ್ತಿದ್ದ ಹಾಗೇ ಕಿಟಕಿಯಿಂದ ಟವೆಲ್ ಹಾಕ್ಬಿಡು."

"ವಿಮಾನದ ಕಿಟಕಿ ತೆಗೆಯೋಕಾಗಲ್ಲ ಅತ್ತೆ."

ಅತ್ತೆ ಸ್ವಲ್ಪ ಯೋಚನೆ ಮಾಡಿದರು. "ಹಾಗಾದ್ರೆ ಡ್ರೈವರ್ ಕಡೆಯಿಂದ ಹಾಕು."

ಬತ್ತೀಸ್ ದಾಂತ್

ವಿಮಾನ ನಿಲ್ದಾಣದಲ್ಲಿ ಸ್ಪ್ಯಾನರ್, ಸುತ್ತಿಗೆ ಎಲ್ಲ ಲಗೇಜಿಗೆ ಹೋಯ್ತು. ಗೇರ್ ಮಾತ್ರ ನಾನು ಬಿಡಲಿಲ್ಲ. ಊಟದ ತಟ್ಟೆಗಿಂತ ಒಂದು ಸುತ್ತು ಚಿಕ್ಕದು, ಡಬ್ಬದಲ್ಲಿಟ್ಟು ಮಗುವಿನ ಹಾಗೆ ಎದೆಗೆ ಒತ್ತಿ ಹಿಡಿದಿದ್ದೆ. ಫಿಟ್ಟರ್ ಅಣ್ಣ ಎಣ್ಣೆ ಕಲೆಯ ಯೂನಿಫಾರಂನಲ್ಲೇ ಬಂದಿದ್ದರು. ನನ್ನ ರೇಷ್ಮೆ ಸೀರೆಗೆ ಯಾರೂ ಬೆಲೆ ಕೊಡಲಿಲ್ಲ. ಕೌಂಟರಿನ ಹುಡುಗಿ ಅವರಿಗೆ "ವೆಲ್ಕಂ ಸರ್" ಅಂದು, ನನ್ನ ಕಡೆ ತಿರುಗಿ, "ನೀವು ಸರ್ ಜೊತೆಗಾ?" ಅಂದಳು.

ತಪಾಸಣೆಯಲ್ಲಿ ನಮ್ಮ ಡಬ್ಬ ಯಂತ್ರದೊಳಗೆ ಹೋಗಿ ಅಲ್ಲೇ ನಿಂತಿತು. ದೊಡ್ಡ ಮೀಸೆಯ ಅಧಿಕಾರಿ ಹಿಂದಿಯಲ್ಲಿ ಏನಿದು ಅಂತ ಕೇಳಿದರು. ಗಾಬರಿಯಲ್ಲಿ ನನಗೆ ಚಕ್ರಕ್ಕೆ ಹಿಂದಿಯಲ್ಲಿ ಏನನ್ನೋದು ಮರೆತೇಹೋಯ್ತು. ದಿನಾ ಎಣಿಸೋದು ಹಲ್ಲು ತಾನೇ? ಅದೇ ಬಾಯಿಗೆ ಬಂತು.

"ಸಾಬ್, ಇಸ್ಕೋ ಬತ್ತೀಸ್ ದಾಂತ್ ಹೈ!"

"ಕಿಸ್ಕೋ?"

"ಇಸ್ಕೋ!" ಅಂತ ಡಬ್ಬದ ಕಡೆ ಕೈ ತೋರಿಸಿದೆ. ಡಬ್ಬದ ಹಿಂದೆ ಸರಿಯಾಗಿ ಫಿಟ್ಟರ್ ಅಣ್ಣ ನಿಂತಿದ್ದರು. ಅಧಿಕಾರಿ ಅಣ್ಣನ ಮುಖ ನೋಡಿದರು. ಅಣ್ಣ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡರು.

ನಾನು ಬಿಡಲಿಲ್ಲ. ಒಂದೇ ಒಂದು ದಾಂತ್ ಮುರಿದರೂ ಪೂರಾ ಫ್ಯಾಕ್ಟರಿ ಬಂದ್ ಆಗುತ್ತೆ, ಎಲ್ಲ ಹಲ್ಲನ್ನೂ ನಾನೇ ಕೈಯಾರೆ ಅಳೆದಿದ್ದೀನಿ, ಬೇಕಾದರೆ ಕಾಗದ ತೋರಿಸ್ತೀನಿ ಅಂತ ಒಂದೇ ಉಸಿರಿಗೆ ಹೇಳಿದೆ. ಅಣ್ಣನ ಹಲ್ಲಿಗೂ ಫ್ಯಾಕ್ಟರಿಗೂ ಏನು ಸಂಬಂಧ ಅಂತ ಗೊತ್ತಾಗದೆ ಅಧಿಕಾರಿ ಡಬ್ಬವನ್ನೇ ತೆಗೆಸಿದರು. ಗೇರ್ ಫಳಫಳ ಹೊಳೆಯಿತು. ಬೆರಳಿಟ್ಟು ಒಂದು ಸುತ್ತು ಎಣಿಸಿದರು. ಮೂವತ್ತೆರಡು. ಮೀಸೆಯೊಳಗೇ ನಕ್ಕು ಡಬ್ಬ ವಾಪಸ್ ಕೊಟ್ಟರು.

"ಜಾಯಿಯೇ ಮೇಡಂ. ಮೇರೆ ಪಾಸ್ ತೋ ಅಠಾಯೀಸ್ ಹೀ ಬಚೇ ಹೈಂ." ಅವರ ಬಾಯಲ್ಲಿ ಉಳಿದಿರೋದು ಇಪ್ಪತ್ತೆಂಟೇ ಅಂತೆ.

ಮೊದಲು ಹತ್ತಿದವರು

"ಬಿಸಿನೆಸ್ ಕ್ಲಾಸ್ ಪ್ರಯಾಣಿಕರು ಮೊದಲು ಬರಬೇಕು" ಅಂತ ಕೂಗಿದಾಗ ನನಗೆ ಮೈ ಜುಮ್ ಅಂತು. ಇಡೀ ಸಾಲು ಸರಿದು ದಾರಿ ಬಿಟ್ಟಿತು. ಗೇರ್ ಎತ್ತಿಕೊಂಡು, ಸೆರಗು ಸರಿಮಾಡಿಕೊಂಡು, ಮಹಾರಾಣಿಯ ಹಾಗೆ ನಡೆದೆ. ನೇರ ವಿಮಾನಕ್ಕೆ ಅಂದುಕೊಂಡಿದ್ದೆ. ಬಾಗಿಲ ಹೊರಗೆ ನಿಂತಿದ್ದು ಒಂದು ಬಸ್ಸು.

ನಾವು ಮೊದಲು ಹತ್ತಿ ಒಳಗೆ ಹೋಗಿ ನಿಂತೆವು. ಆಮೇಲೆ ಉಳಿದವರೆಲ್ಲ ಹತ್ತಿ ಬಾಗಿಲ ತನಕ ತುಂಬಿಕೊಂಡರು. ವಿಮಾನದ ಹತ್ತಿರ ಬಾಗಿಲು ತೆರೆದಾಗ ಕೊನೆಗೆ ಹತ್ತಿದವರು ಮೊದಲು ಇಳಿದು ಸರಸರ ಮೆಟ್ಟಿಲು ಏರಿದರು. ನಾವು ಇಳಿದದ್ದು ಎಲ್ಲರಿಗಿಂತ ಕೊನೆಗೆ.

ಫಿಟ್ಟರ್ ಅಣ್ಣ ನಿಟ್ಟುಸಿರು ಬಿಟ್ಟರು. "ಅಕ್ಕಾರ, ಪೀಣ್ಯಾದ ಬಸ್ಸಿನ್ಯಾಗ ಮೂವತ್ತ ವರ್ಷದಿಂದ ನಾ ಬಿಸಿನೆಸ್ ಕ್ಲಾಸಿನ್ಯಾಗ ಹೊಂಟೀನಿ ಅಂತ ಗೊತ್ತ ಇದ್ದಿಲ್ಲ ನೋಡ್ರಿ."

ಸೊಲ್ಯೂಷನ್

ಪುಟ್ಟ ವಿಮಾನ. ಮುಂದಿನ ಕೆಲವೇ ಸೀಟುಗಳು ಬಿಸಿನೆಸ್ ಕ್ಲಾಸು, ಹಿಂದೆ ಒಂದು ಪರದೆ. ಆದರೆ ಸೀಟು ಅಂದ್ರೆ ಸೀಟು! ಕೂತರೆ ಕೂತ ಹಾಗೇ ಒಳಗೆ ಇಳಿದುಬಿಟ್ಟೆ. ಕಾಲು ಚಾಚಿದರೆ ಮುಂದೆ ಏನೂ ಸಿಗೋದೇ ಇಲ್ಲ. ಸೀಟು ಹಿಂದಕ್ಕೆ ವಾಲಿಸೋಣ ಅಂತ ಸಿಕ್ಕಿದ ಬಟನ್ ಒತ್ತಿದೆ, ಗಗನಸಖಿ ಓಡಿಬಂದಳು. ಇನ್ನೊಮ್ಮೆ ಒತ್ತಿದೆ, ಮತ್ತೆ ಬಂದಳು. ಮೂರನೇ ಸಲ ಬಂದು, "ಮೇಡಂ, ಅದು ನನ್ನ ಬಟನ್" ಅಂದಳು.

ವಿಮಾನ ಓಡಿ ಎದ್ದಿತು. ಕಿಟಕಿಯಾಚೆ ನಂದಿ ಬೆಟ್ಟ ವಾಲಿಕೊಂಡು ಕೆಳಗೆ ಹೋಯ್ತು. ಖುಷಿ ತಡೆಯಲಾಗದೆ ಅಣ್ಣನ ತೋಳು ಚಿವುಟಿದೆ. ಅವರು ಕಣ್ಣು ಮುಚ್ಚಿ ಎಂಜಿನ್ ಸದ್ದು ಕೇಳ್ತಾ ಇದ್ದರು. "ಬೇರಿಂಗ್ ಚಲೋ ಅದಾವ್ರಿ" ಅಂದರು.

ಅಣ್ಣನ ಆಚೆ ಬದಿಯಲ್ಲಿ ಕೋಟು ತೊಟ್ಟ ಒಬ್ಬ ನಡುವಯಸ್ಸಿನ ಸಾಹೇಬರು. ಅಣ್ಣ ಮಾತಿಗೆಳೆದರು. "ಯಾವ ಕಡೆ ಕೆಲಸಾರಿ?"

"ವೈಟ್‌ಫೀಲ್ಡ್ ಸಾರ್."

"ಏನ್ ಕೆಲಸಾರಿ?"

"ದೊಡ್ಡ ದೊಡ್ಡ ಕಂಪನಿಗಳಿಗೆ ಸೊಲ್ಯೂಷನ್ ಕೊಡ್ತೀವಿ."

ಅಣ್ಣನ ಮುಖ ಅರಳಿತು. "ಟ್ಯೂಬಿಗೆ ಹಚ್ಚೂದ ಏನ್ರಿ? ಹಂಗಾರ ಪಂಕ್ಚರ್ ಅಂಗಡಿ ಭಾಳ ದೊಡ್ಡದ ಇರಬೇಕ್ರಿ!"

ನನಗೆ ಸೀಟಿನೊಳಗೆ ಇನ್ನೂ ಇಳಿದುಹೋಗುವ ಹಾಗಾಯ್ತು. ಸಾಹೇಬರು ಕಿಟಕಿಯಾಚೆ ಮೋಡ ನೋಡಿದರು, ಲ್ಯಾಪ್‌ಟಾಪ್ ನೋಡಿದರು, ಅದನ್ನ ಮೆಲ್ಲಗೆ ಮುಚ್ಚಿದರು. "ಒಂಥರಾ ಹೌದು ಸಾರ್" ಅಂದರು. "ದಿನಾ ತೇಪೆ ಹಾಕೋದೇ ಕೆಲಸ."

ಶಿಫ್ಟ್ ಊಟ

ಗಗನಸಖಿ ಇಕ್ಕಳದಲ್ಲಿ ಹಿಡಿದು ಬಿಸಿ ಬಿಸಿ ಒದ್ದೆ ಬಟ್ಟೆಯ ಸುರುಳಿ ಕೊಟ್ಟಳು. ಮುಖ ಒರೆಸೋಕೆ ಅಂತ ಸೊಲ್ಯೂಷನ್ ಸಾಹೇಬರನ್ನ ನೋಡಿ ನಾನು ಕಲಿತೆ. ಅಣ್ಣ ಯಾರನ್ನೂ ನೋಡಲಿಲ್ಲ. ನನ್ನ ಕಾಲಬಳಿಯಿಂದ ಡಬ್ಬ ಎತ್ತಿ, ಗೇರ್ ತೆಗೆದು, ಹಲ್ಲು ಹಲ್ಲಿನ ಸಂದಿಯ ಎಣ್ಣೆ ಒರೆಸಿ, ಕಪ್ಪಾದ ಬಟ್ಟೆಯನ್ನ ಅವಳ ತಟ್ಟೆಗೆ ಹಾಕಿದರು. ಪಾಪ, ಅವಳು ನಗು ತಡೆದುಕೊಂಡು, "ಇನ್ನೊಂದು ಬೇಕಾ ಸರ್?" ಅಂದಳು.

"ಒಂದ್ ಹತ್ತು ಕೊಡವಾ ತಂಗಿ. ನಮ್ಮ ಶಾಪಿನ್ಯಾಗ ಇಂಥಾ ಬಟ್ಟಿ ಸಿಗೂದಿಲ್ಲ."

ಆಮೇಲೆ ಊಟದ ಪಟ್ಟಿ ಬಂತು. ದಪ್ಪ ಕಾಗದ, ಚಿನ್ನದ ಅಕ್ಷರ. ನಾನು ಅದನ್ನ ಮದುವೆ ಪತ್ರಿಕೆಯ ಹಾಗೆ ಹಿಂದೆ ಮುಂದೆ ಓದಿದೆ. ಪನೀರೋ, ಬಿಸಿಬೇಳೆ ಬಾತೋ? ತೀರ್ಮಾನ ಮಾಡೋಕೆ ಹತ್ತು ನಿಮಿಷ. ತಟ್ಟೆ ಬಂದ ಮೇಲೆ ಅತ್ತೆಗೆ ತೋರಿಸೋಕೆ ನಾಲ್ಕು ಕಡೆಯಿಂದ ಫೋಟೊ. ಬೆಳ್ಳಿ ಕಾಗದ ಬಿಚ್ಚಿ, ಚಮಚ ಎತ್ತಿ, ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ವಿಮಾನ ಇಳಿಯೋಕೆ ಶುರುವಾಯ್ತು. "ಸಾರಿ ಮೇಡಂ" ಅಂತ ಗಗನಸಖಿ ತಟ್ಟೆ ಎತ್ತಿಕೊಂಡೇ ಹೋದಳು. ನನ್ನ ಕೈಯಲ್ಲಿ ಚಮಚ ಮಾತ್ರ ಉಳಿಯಿತು. ಅದನ್ನೂ ಆಮೇಲೆ ಬಂದು ಇಸ್ಕೊಂಡಳು.

ಪಕ್ಕಕ್ಕೆ ತಿರುಗಿದರೆ ಅಣ್ಣನ ತಟ್ಟೆ ತೊಳೆದಿಟ್ಟ ಹಾಗಿತ್ತು. ಎರಡನೇ ಸಲ ಬಡಿಸಿಕೊಂಡ ಸಿಹಿಯೂ ಮುಗಿದಿತ್ತು. "ಯಾವಾಗ ತಿಂದ್ರಿ?" ಅಂತ ಕಣ್ಣು ಬಿಟ್ಟೆ.

"ಶಿಫ್ಟಿನ್ಯಾಗ ಊಟಕ್ಕ ಹದಿನೈದ ನಿಮಿಷ, ಅಕ್ಕಾರ" ಅಂತ ಮೀಸೆ ಒರೆಸಿಕೊಂಡರು. "ಇಲ್ಲಿ ಇಪ್ಪತ್ತ ಕೊಟ್ರು. ಅದಕ್ಕ ಬಿಸಿನೆಸ್ ಕ್ಲಾಸ್ ಅಂತಾರ್ ಕಾಣ್ತೈತಿ."

ಮಷಿನ್ ತಿರುಗಿತು

ಬೆಳಗಾವಿಯ ಕಾರ್ಖಾನೆ ಮುಟ್ಟಿದಾಗ ಎರಡೂವರೆ. ಅಲ್ಲಿನ ಮ್ಯಾನೇಜರ್ ಗೇಟಿನಲ್ಲೇ ಕಾಯ್ತಿದ್ದರು. ದೊಡ್ಡ ಆಳು, ಮುಖ ಮಾತ್ರ ಬಾಡಿಹೋಗಿತ್ತು. "ಬೆಳಿಗ್ಗೆ ಏಳಕ್ಕ ಬಂದು ನಿಂತೀನ್ರಿ, ಈ ಟೆನ್ಷನ್‌ನ್ಯಾಗ ಒಂದ ತುತ್ತು ತಿಂದಿಲ್ಲ" ಅಂತ ಹೇಳ್ತಾ ನಮ್ಮನ್ನ ಮಷಿನ್ ಹತ್ರ ಓಡಿಸಿಕೊಂಡೇ ಹೋದರು.

ಅದು ಹಳೇ ಕಾಲದ ಭಾರಿ ಮಷಿನ್. ಸುತ್ತ ಹತ್ತಿಪ್ಪತ್ತು ಜನ ಕೈಕಟ್ಟಿ ನಿಂತಿದ್ದರು. ಫಿಟ್ಟರ್ ಅಣ್ಣ ತೋಳು ಮಡಚಿ, ಬೋಲ್ಟು ಬಿಚ್ಚಿ, ಹಳೇ ಗೇರ್ ಹೊರಗೆ ತೆಗೆದರು. ನಾನು ಬೆರಳಾಡಿಸಿ ನೋಡಿದೆ. ಸ್ವಲ್ಪ ಸವೆದಿತ್ತು, ಸದ್ದು ಮಾಡಿದ್ದು ಅದಕ್ಕೇ. ಆದರೆ ಒಂದು ಹಲ್ಲೂ ಮುರಿದಿರಲಿಲ್ಲ. ಇದರಿಂದ ಮಷಿನ್ ನಿಲ್ಲೋಕೆ ಸಾಧ್ಯವೇ ಇಲ್ಲ. ಅಣ್ಣ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಣ್ಣ ಹೊಸ ಗೇರ್ ಕೂರಿಸಿದರು, ನಾನು ಅಳತೆ ನೋಡಿದೆ, ಎಲ್ಲ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದ ಹಾಗೆ ಕೂತಿತ್ತು.

ಮ್ಯಾನೇಜರ್ ಕೈ ಮುಗಿದು ಹಸಿರು ಬಟನ್ ಒತ್ತಿದರು. ಮಷಿನ್ ಕೆಮ್ಮಲೂ ಇಲ್ಲ.

ಇನ್ನೊಮ್ಮೆ ಒತ್ತಿದರು. ಇಲ್ಲ. ನನ್ನ ಫೋನ್ ಹೊಡಕೊಳ್ಳೋಕೆ ಶುರುವಾಯ್ತು. ಮಾಲೀಕರು. "ತಿರುಗ್ತಾ?" "ಇನ್ನೂ ಇಲ್ಲ ಸಾರ್." ಎರಡು ನಿಮಿಷಕ್ಕೆ ಮತ್ತೆ, "ಈಗ?" ನನ್ನ ರೇಷ್ಮೆ ಸೀರೆ ಬೆನ್ನಿಗೆ ಅಂಟಿಕೊಂಡಿತ್ತು. ಗಡಿಯಾರ ಐದರ ಹತ್ರ ಬಂತು. ಮ್ಯಾನೇಜರ್ ಪಕ್ಕಕ್ಕೆ ಹೋಗಿ ಬೇರೆ ಯಾರಿಗೋ ಫೋನ್ ಮಾಡೋಕೆ ನಂಬರ್ ಹುಡುಕ್ತಿದ್ದರು. ಆರ್ಡರ್ ಹೋಯ್ತು ಅಂತ ನಾನು ಒಳಗೊಳಗೇ ಅತ್ತುಬಿಟ್ಟೆ.

ಫಿಟ್ಟರ್ ಅಣ್ಣ ಮಾತ್ರ ಯಾವ ಅವಸರವೂ ಇಲ್ಲದೆ, ಸೊಂಟದ ಮೇಲೆ ಕೈಯಿಟ್ಟು ಮಷಿನ್ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಹಿಂದಿನ ಬದಿಗೆ ಹೋದವರು ಅಲ್ಲೇ ನಿಂತರು. ಒಂದು ಹಿಡಿಕೆಗೆ ಯಾರದೋ ಬುತ್ತಿ ಚೀಲ ನೇತುಹಾಕಿತ್ತು. ನಾಲ್ಕು ಅಂತಸ್ತಿನ ಸ್ಟೀಲ್ ಡಬ್ಬಿ. ಅದರ ಹೊಟ್ಟೆ ಸರಿಯಾಗಿ ಒಂದು ದಪ್ಪ ಕೆಂಪು ಬಟನ್ ಮೇಲೆ ಒರಗಿ, ಭಾರಕ್ಕೆ ಅದನ್ನ ಒತ್ತಿಕೊಂಡು ಕೂತಿತ್ತು. ಅಪಾಯ ಆದಾಗ ಮಷಿನ್ ತಟ್ಟನೆ ನಿಲ್ಲಿಸೋಕೆ ಇರುವ ಬಟನ್ ಅದು.

ಅಣ್ಣ ಚೀಲ ಎತ್ತಿ ಕೈಗೆ ತಗೊಂಡರು. ಕೆಂಪು ಬಟನ್ ತಿರುವಿ ಹೊರಗೆಳೆದರು. ಈಚೆ ಬಂದು ಹಸಿರು ಬಟನ್ ಒತ್ತಿದರು. ಮಷಿನ್ ಗುಂಯ್ಯ್ ಅಂತ ಎದ್ದು ತಿರುಗಿತು. ಹೊಸ ಗೇರ್ ಬೆಣ್ಣೆಯಲ್ಲಿ ಓಡಿದ ಹಾಗೆ ಓಡ್ತಿತ್ತು. ಸುತ್ತಲಿದ್ದವರೆಲ್ಲ ಹೋ ಅಂತ ಕೂಗಿದರು. ನಾನು ಫೋನಿಗೆ, "ತಿರುಗ್ತು ಸಾರ್, ತಿರುಗ್ತು!" ಅಂತ ಕಿರುಚಿದೆ.

ಮ್ಯಾನೇಜರ್ ಓಡಿಬಂದು ಅಣ್ಣನ ಎರಡೂ ಕೈ ಹಿಡಿದುಕೊಂಡರು. "ಮುಂದಿನ ವರ್ಷದ ಆರ್ಡರ್ ನಿಮಗ ರೀ! ಇಷ್ಟ ದೂರದಿಂದ ಹಾರಿ ಬಂದು ಉಳಿಸಿದ್ರಿ! ಏನಾಗಿತ್ರಿ ಮಷಿನ್‌ಗೆ?" ಅಂದವರ ಕಣ್ಣು ಅಣ್ಣನ ಕೈಯಲ್ಲಿದ್ದ ಚೀಲದ ಮೇಲೆ ಬಿತ್ತು. "ಅರೇ, ಇದು ನನ್ನ ಬುತ್ತಿ! ಬೆಳಿಗ್ಗೆ ಬಂದಕೂಡಲೇ ತೂಗಹಾಕಿದ್ನಿ, ಎಲ್ಲಿ ಸಿಕ್ತು ನಿಮಗ?"

ಫಿಟ್ಟರ್ ಅಣ್ಣ ಚೀಲವನ್ನ ಎರಡೂ ಕೈಯಲ್ಲಿ, ಪ್ರಸಾದದ ಹಾಗೆ, ಅವರಿಗೆ ಒಪ್ಪಿಸಿದರು. ಹತ್ತಿರ ಬಂದು, ಪಕ್ಕದಲ್ಲಿದ್ದ ನನ್ನ ಬಿಟ್ಟು ಬೇರೆ ಯಾರಿಗೂ ಕೇಳಿಸದ ಹಾಗೆ ಹೇಳಿದರು:

"ಮಷಿನ್ ಗಟ್ಟಿ ಐತ್ರಿ ಸಾಹೇಬ್ರ. ಮನ್ಯಾಗ ಅಕ್ಕಾರಿಗೆ ಹೇಳ್ರಿ, ನಾಳಿಂದ ಎರಡ ರೊಟ್ಟಿ ಕಮ್ಮಿ ಕಟ್ಲಿ."