ಹೆಂಡಕ್ಕೆ ಅಂಕ ಕೊಡುತ್ತಿದ್ದ ನಮ್ಮ ಭಾವ

ಮಾಗಿ ಶುರುವಾದರೆ ತುಮಕೂರಿನ ಸುತ್ತಮುತ್ತಲ ಈಚಲು ಮರಗಳು ನಡುಗುತ್ತಿದ್ದದ್ದು ಚಳಿಗಲ್ಲ, ನಮ್ಮ ಭಾವನಿಗೆ! ನಂಬುವುದಿಲ್ಲವೇ? ತೊಂಬತ್ತರ ದಶಕದಲ್ಲಿ ಗುಬ್ಬಿಯಿಂದ ಹುಲಿಯೂರುದುರ್ಗದವರೆಗೆ ಹೆಂಡ ಇಳಿಸುತ್ತಿದ್ದವರನ್ನು ಯಾರನ್ನಾದರೂ ಕೇಳಿ ನೋಡಿ.

ಭಾವ, ಅಂದರೆ ನನ್ನ ಅಕ್ಕನ ಗಂಡ, ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕುಡುಕರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿದರೆ ನೀವು ತಪ್ಪು ತಿಳಿಯುವುದು ಗ್ಯಾರಂಟಿ! ಚಳಿಗಾಲದ ಹೆಂಡ ಬೇಗ ಹುಳಿಯೇರುವುದಿಲ್ಲ, ಅದರ ರುಚಿಯೇ ಬೇರೆ ಎಂಬುದು ಅವರ ವಾದ. ಹಾಗಾಗಿ ಮಾಗಿಯ ಪ್ರತಿ ಭಾನುವಾರ ಬೆಳಿಗ್ಗೆ ಬಗಲಲ್ಲೊಂದು ನೋಟ್‌ಬುಕ್ಕು ಇಟ್ಟುಕೊಂಡು ನನ್ನ ಸ್ಕೂಟರಿನ ಹಿಂದೆ ಕೂರುತ್ತಿದ್ದರು. ತೋಪಿನಲ್ಲಿ ಅಂಗೈಗೆ ತೀರ್ಥದಂತೆ ಒಂದೇ ಗುಟುಕು ಹಾಕಿಸಿಕೊಂಡು, ಬಾಯಲ್ಲಿ ಹೊರಳಾಡಿಸಿ, ಕಣ್ಣು ಮುಚ್ಚಿ, ಅಂಕ! ಸಿಹಿಗೆ ಇಪ್ಪತ್ತೈದು, ಹುಳಿಗೆ ಇಪ್ಪತ್ತೈದು, ಪರಿಮಳಕ್ಕೆ ಇಪ್ಪತ್ತೈದು, ನಡತೆಗೆ ಇಪ್ಪತ್ತೈದು. ಹೆಂಡಕ್ಕೆಂಥ ನಡತೆ ಎನ್ನುತ್ತೀರಾ? ಮಾರನೆಯ ದಿನ ಹೊಟ್ಟೆಯಲ್ಲಿ ಅದು ಹೇಗೆ ನಡೆದುಕೊಂಡಿತು ಎಂಬುದು! ಹೀಗಾಗಿ ಫಲಿತಾಂಶ ಮುಂದಿನ ಭಾನುವಾರವೇ ಪ್ರಕಟವಾಗುತ್ತಿತ್ತು.

ಒಮ್ಮೆ ಹುಲಿಯೂರುದುರ್ಗದ ಬೆಟ್ಟದ ಬುಡದಲ್ಲಿ ಹೆಂಡ ಇಳಿಸುವವನೊಬ್ಬ ಕೈಮುಗಿದು ಸ್ಕೂಟರಿಗೆ ಅಡ್ಡ ನಿಂತ.

"ಸಾ, ಮೂವತ್ನಾಕು ಕೊಟ್ಟಿದೀರಂತೆ! ಒಂದೇ ಒಂದು ಮಾರ್ಕು ಹಾಕಿ ಪಾಸ್ ಮಾಡ್ಬುಡಿ ಸಾ, ಬೀಗ್ರು ನಗ್ತಾವ್ರೆ."

"ಮಡಕೆ ಸರ್ಯಾಗಿ ತೊಳ್ದಿದ್ಯೇನೋ?" ಎಂದರು ಭಾವ.

ಅವನು ತಲೆ ಕೆರೆದುಕೊಂಡ.

"ಮೊದ್ಲು ತೊಳಿ. ಆಮೇಲೆ ಮರುಪರೀಕ್ಷೆ."

ತೊಳೆದ. ಮುಂದಿನ ಭಾನುವಾರದ ಫಲಿತಾಂಶದಲ್ಲಿ ಎಪ್ಪತ್ತೆರಡು ಬಂತು! ಸಂತೋಷಕ್ಕೆ ಒಂದು ಚೀಲ ಅವರೆಕಾಯಿಯನ್ನು ನಮ್ಮ ಸ್ಕೂಟರಿಗೆ ಕಟ್ಟಿಯೇಬಿಟ್ಟ.

ಆ ಅವರೆಕಾಯಿಯೇ ಮನೆಯಲ್ಲಿ ಕಿತಾಪತಿ ಮಾಡಿತು. ಅಕ್ಕ ಸಾರು ಬಡಿಸುತ್ತಾ, "ಊರಿನ ಹೆಂಡಕ್ಕೆಲ್ಲ ಮಾರ್ಕ್ಸ್ ಹಾಕ್ತೀರಲ್ಲ, ನನ್ನ ಸಾರಿಗೆಷ್ಟು ಹೇಳಿ?" ಎಂದಳು. ಬುದ್ಧಿಯಿರುವ ಗಂಡಸು ಕೂಡಲೇ ನೂರು ಎನ್ನುತ್ತಾನೆ. ಭಾವ ಕಣ್ಣು ಮುಚ್ಚಿ, ಯೋಚಿಸಿ, "ನಲವತ್ತೆಂಟು ಕಣೇ. ಉಪ್ಪು ಮುಂದಾಗಿದೆ" ಎಂದರು. ಮೂರು ದಿನ ಹೋಟೆಲ್ ಇಡ್ಲಿ! ಅದಕ್ಕೆಷ್ಟು ಕೊಟ್ಟರೋ, ಕೇಳುವ ಧೈರ್ಯ ನನಗಿರಲಿಲ್ಲ.

ಆದರೆ ಆ ನಾಲಿಗೆಯ ಬಗ್ಗೆ ನನಗೆ ಎದೆಯುಬ್ಬಿದ್ದು ಕುಣಿಗಲ್ ರಸ್ತೆಯಲ್ಲಿ. ಹೆಬ್ಬೂರು ದಾಟಿದ ಮೇಲೆ ಹೊಸದಾಗಿ ಒಂದು ಹೆಂಡದಂಗಡಿ ತೆರೆದಿತ್ತು. ಕೂಲಿಯವರು ಹತ್ತು ಹನ್ನೆರಡು ಜನ ಲೋಟ ಹಿಡಿದು ಕೂತಿದ್ದರು. ಭಾವ ಒಂದು ಹನಿ ನಾಲಿಗೆಗಿಟ್ಟವರೇ ಥೂ ಎಂದು ಉಗಿದರು.

"ಇದು ಮರದಿಂದ ಇಳಿದಿದ್ದಲ್ಲ. ನೀರಿಗೆ ಅಮಲಿನ ಪುಡಿ ಬೆರೆಸವ್ರೆ! ಯಾರೂ ಕುಡೀಬೇಡ್ರಪ್ಪಾ!"

"ಏನ್ಲಾ, ನನ್ ಯಾಪಾರ ಕೆಡಿಸ್ತೀಯಾ?" ಎಂದು ಅಂಗಡಿಯವನು ಕೊರಳಪಟ್ಟಿಗೆ ಕೈಹಾಕಿದ. ಅಂಗಿ ಪರ್ರನೆ ಹರಿಯಿತು. ಜಗಳವೆಂದರೆ ಮೈಲಿ ದೂರ ಓಡುವ ಭಾವ ಬೆಂಚು ಹತ್ತಿ ನಿಂತರು. ಪಾಠದ ದನಿಯಲ್ಲಿ ಅದೇ ಮಾತನ್ನು ಮತ್ತೆ ಮತ್ತೆ ಹೇಳಿದರು. ಒಬ್ಬೊಬ್ಬರಾಗಿ ಲೋಟ ಕೆಳಗಿಟ್ಟರು. ಅಷ್ಟರಲ್ಲಾಗಲೇ ಎರಡು ಲೋಟ ಮುಗಿಸಿದ್ದ ಮುದುಕನೊಬ್ಬ ವಾಲತೊಡಗಿದ. ಅವನನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆವು. ಬದುಕಿಕೊಂಡ.

ಊರಿಗೆ ತಲುಪಿದ ಸುದ್ದಿಯೇ ಬೇರೆ: ಮೇಷ್ಟ್ರು ಹೆಂಡದಂಗಡಿಯಲ್ಲಿ ಹೊಡೆದಾಡಿದರಂತೆ! ಹೆಡ್‌ಮಾಸ್ಟರು ಕಾರಣ ಕೇಳಿ ಕಾಗದ ಕೊಟ್ಟರು. ಕೆಲಸವೇ ಹೋಗುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಗುಸುಗುಸು. ಉತ್ತರ ಬರೆಯಲು ಕೂತ ಭಾವನಿಗೆ ಒಂದು ಸಾಲೂ ಬರೆಯಲಾಗಲಿಲ್ಲ.

ಮಾರನೆಯ ದಿನ ಅಕ್ಕ ಯಾರೂ ಕರೆಯದೆಯೇ ರೇಷ್ಮೆ ಸೀರೆ ಉಟ್ಟು ನಮ್ಮ ಜೊತೆ ಶಾಲೆಗೆ ಹೊರಟಳು. ಹೆಡ್‌ಮಾಸ್ಟರ ಮುಂದೆ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮೆಜಮಾನ್ರು ಹೆಂಡದಂಗಡಿಗೆ ಹೋಗಿದ್ರು ಅಂತ ಬರ್ದಿದೀರಿ ಸಾರ್, ಸರಿ. ಹತ್ತು ಜನ ಕುಡೀದಂಗೆ ಮಾಡಿ ಬಂದವ್ರೆ. ಅದನ್ನೂ ಬರ್ಕೊಳ್ಳಿ."

ಹೆಡ್‌ಮಾಸ್ಟರು ಭಾವನ ಕೈಯಿಂದ ಕಾಗದವನ್ನು ವಾಪಸು ತೆಗೆದುಕೊಂಡು ಹರಿದುಹಾಕಿದರು.

ಮನೆಗೆ ಹಿಂದಿರುಗುವಾಗ ಶಿರಾ ಗೇಟ್ ಸರ್ಕಲ್ಲಿನಲ್ಲಿ ಲಾರಿ, ಬಸ್ಸು, ಶಾಲೆಯ ಮಕ್ಕಳು. ಅಲ್ಲಿ ಭಾವ, ನಮ್ಮೂರಿನ ಗಂಡಸರು ಯಾರೂ ಮಾಡದ ಕೆಲಸ ಮಾಡಿದರು. ನಡುರಸ್ತೆಯಲ್ಲಿ, ಅವರ ವಿದ್ಯಾರ್ಥಿಗಳೆಲ್ಲ ನೋಡುತ್ತಿರುವಾಗಲೇ, ಅಕ್ಕನ ಕೈ ಹಿಡಿದುಕೊಂಡರು.

"ಬುಡ್ರೀ, ಯಾರಾದ್ರೂ ನೋಡ್ತಾರೆ" ಎಂದಳು ಅಕ್ಕ.

ಎಂದಳೇ ಹೊರತು ಕೈ ಬಿಡಿಸಿಕೊಳ್ಳಲಿಲ್ಲ. ನಾನು ಸ್ಕೂಟರ್ ಸ್ಟಾರ್ಟ್ ಮಾಡದೆ, ತಳ್ಳಿಕೊಂಡೇ ಅವರ ಹಿಂದೆ ನಡೆದೆ.