ಬೇಗ ಮುಗಿಸುವವರು ಮೊದಲು

ಆ ಮನೆಗೆ ಇದ್ದದ್ದು ಒಂದೇ ಬಚ್ಚಲು. ಅಳಿಯ ತನ್ನ ಬುದ್ಧಿವಂತಿಕೆಯನ್ನು ಅಲ್ಲಿಗೂ ತಂದದ್ದೇ ಎಲ್ಲ ಎಡವಟ್ಟಿಗೂ ಮೂಲ.

ಪ್ರೋಗ್ರಾಮ್ ಬರೆಯುವ ಕೆಲಸ ಅವನದು. ಅವತ್ತು ಹತ್ತು ಗಂಟೆಗೆ ಲ್ಯಾಪ್‌ಟಾಪಿನಲ್ಲೇ ದೊಡ್ಡ ಕಂಪನಿಯೊಂದರ ಸಂದರ್ಶನವಿತ್ತು. ಆ ಕೆಲಸದ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದ. ಬೆಳಿಗ್ಗೆ ಎದ್ದು ನೋಡಿದರೆ ಮಾವ, ಹೆಂಡತಿ, ತಮ್ಮ ಮನೆಯ ನಲ್ಲಿ ಕೆಟ್ಟಿದೆಯೆಂದು ಬಂದ ಪಕ್ಕದ ಮನೆಯಾಕೆ, ಎಲ್ಲರೂ ಬಚ್ಚಲ ಮುಂದೆ ಜಗಳಕ್ಕೆ ನಿಂತಿದ್ದಾರೆ!

"ತಡೀರಿ, ಇದು ಬರೀ ಅರೇ ಲೆಕ್ಕ, ಅಂದ್ರೆ ಸಾಲಾಗಿ ಜೋಡಿಸಿಟ್ಟ ಅಂಕಿಗಳ ಲೆಕ್ಕ," ಅಂದ. "ಸಾಲಲ್ಲಿ ಯಾರಿಗೆ ಕಮ್ಮಿ ಹೊತ್ತು ಸಾಕೋ ಅವರು ಮೊದಲು. ಆಮೇಲೆ ಉಳಿದವರಲ್ಲಿ ಕಮ್ಮಿಯವರು. ಒಟ್ಟು ಕಾಯೋದು ಕಮ್ಮಿ ಆಗುತ್ತೆ. ಇದಕ್ಕೆ ಗ್ರೀಡಿ ಅಂತಾರೆ. ಅಂದ್ರೆ ದುರಾಸೆ."

ಮಾವ ಹೆಗಲ ಟವೆಲ್ ಕೊಡವಿದರು. "ಯಾರಿಗ್ರೀ ದುರಾಸೆ? ನನಗಾ?"

"ಅಯ್ಯೋ, ವಿಧಾನಕ್ಕೆ ಮಾವ, ವಿಧಾನಕ್ಕೆ!"

"ನನಗೆ ಒಂದೇ ನಿಮಿಷ," ಅಂದಳು ಪಕ್ಕದ ಮನೆಯಾಕೆ. ಮಾವ ಎರಡು ಅಂದರು. "ತಲೆಗೆ ನೀರು ಹಾಕ್ಕೊಳ್ಳಲ್ಲ, ಐದು ಸಾಕು," ಅಂದಳು ಹೆಂಡತಿ. ಅಳಿಯ ಮಾತ್ರ, ಪಾಪ, ಇದ್ದದ್ದನ್ನೇ ಹೇಳಿದ. "ನನಗೆ ಹತ್ತು ಬೇಕು."

ಪಕ್ಕದ ಮನೆಯಾಕೆ ಒಳಗೆ ಹೋಗಿ ಬಟ್ಟೆ ಒಗೆಯತೊಡಗಿದಳು. ಮಾವ ಹಾಡುತ್ತ ಹಾಡುತ್ತ ಮುಂದಿನ ಚರಣ ಮರೆತು, ಅದು ನೆನಪಾಗುವವರೆಗೂ ಹೊರಗೆ ಬರಲಿಲ್ಲ. ಹೆಂಡತಿ ಬಾಗಿಲು ಹಾಕಿಕೊಳ್ಳುವ ಹೊತ್ತಿಗೆ ಹತ್ತು ಹೊಡೆಯಿತು. ಮೇಲೆ ಇಸ್ತ್ರಿ ಶರ್ಟು, ಕೆಳಗೆ ಟವೆಲ್ಲು, ತಲೆ ತುಂಬ ಎಣ್ಣೆ, ಅಳಿಯ ಹಾಗೇ ಲ್ಯಾಪ್‌ಟಾಪಿನ ಮುಂದೆ ಕೂತ.

"ಒಂದೇ ಕೌಂಟರ್, ಮುಂದೆ ಜನರ ಸಾಲು," ಅಂದರು ತೆರೆಯ ಮೇಲೆ ಸಂದರ್ಶನಕ್ಕೆ ಕೂತಿದ್ದ ಮೇಡಂ. "ಒಬ್ಬೊಬ್ಬರಿಗೆ ಎಷ್ಟು ಹೊತ್ತು ಬೇಕು ಅಂತ ಅರೇಯಲ್ಲಿದೆ. ಒಟ್ಟು ಕಾಯೋದನ್ನ ಕಮ್ಮಿ ಮಾಡಿ."

ಎದ್ದು ಕುಣಿಯಬೇಕೆನಿಸಿತು, ಟವೆಲ್ಲಿಗೆ ಹೆದರಿ ಸುಮ್ಮನಾದ. ಪಟಪಟನೆ ಬರೆದು ಮುಗಿಸಿದ.

"ಇದರಲ್ಲಿ ತೊಂದರೆ ಏನು?"

"ಎಲ್ಲರೂ ನಿಜ ಹೇಳಬೇಕು ಮೇಡಂ. ನಿಜ ಹೇಳೋನು ಒಬ್ಬನೇ ಆದ್ರೆ ಅವನು ಸ್ನಾನ ಇಲ್ಲದೆ ಕೂತಿರ್ತಾನೆ."

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಭೇಷ್! ಇಂಥ ಉತ್ತರ ಯಾರೂ ಕೊಟ್ಟಿರಲಿಲ್ಲ. ಆದ್ರೆ ಏನ್ ಮಾಡೋದು? ಸಂದರ್ಶನಕ್ಕೆ ಎಷ್ಟು ಹೊತ್ತು ಬೇಕು ಅಂತ ಕೇಳಿದಾಗ ನೀವು ಒಂದು ಗಂಟೆ ಅಂದಿದ್ರಿ. ಹತ್ತೇ ನಿಮಿಷ ಸಾಕು ಅಂದವರನ್ನ ನಿನ್ನೆ ಮೊದಲು ಕರೆದ್ವಿ. ಕೆಲಸ ಅವರಿಗೇ ಹೋಯ್ತು ಅಂತ ಈಗಷ್ಟೇ ಮೆಸೇಜ್ ಬಂತು."

ಹೊಟ್ಟೆ ಉರಿಯಿತು. ಆದರೂ ಭೇಷ್ ಅಂದರಲ್ಲ ಎಂಬ ಖುಷಿ ಅದಕ್ಕಿಂತ ಜೋರಾಗಿತ್ತು. ಹೋಗಲಿ, ಬಚ್ಚಲಾದರೂ ಖಾಲಿಯಾಗಿದೆ! ಒಳಗೆ ಹೋಗಿ ಚೊಂಬು ಎತ್ತಿದ್ದೇ ತಡ, ಯಾರೋ ಬಾಗಿಲು ದಬದಬ ಬಡಿದರು.

"ಸ್ವಲ್ಪ ಹೊರಗೆ ಬನ್ನಿ!" ಪಕ್ಕದ ಮನೆಯಾಕೆಯ ದನಿ. "ಇನ್ನೊಂದು ಬಕೆಟ್ ಬಟ್ಟೆ ಇದೆ. ಒಂದೇ ನಿಮಿಷ. ನಿಮ್ಮ ಲೆಕ್ಕದ ಪ್ರಕಾರ ನಾನೇ ಮೊದಲು!"